ಮೂಲೆ ಕತ್ತರಿಸಿದ ಹೂವಿನ ಕಾರ್ಡು

ಕಿಲ್ಲಾರಿ ಕಡೆ ಭೂಮಿ ನಡುಗಿದ ಮರುವರ್ಷ ವರದಾ ನಮ್ಮ ವಾಡೆಯ ಎದುರಿನ ಖೋಲಿಗೆ ಬಾಡಿಗೆಗೆ ಬಂದಳು. ಸೊಲ್ಲಾಪುರದ ವಿಜಾಪುರ ರಸ್ತೆಯಿಂದ ಒಳಗೆ ಹೊರಳಿದರೆ ನಮ್ಮ ವಾಡೆ. ಎಲ್ಲರಿಗೂ ಸೇರಿ ಒಂದೇ ಅಂಗಳ, ಒಂದೇ ನಳ. ಒಬ್ಬರ ಮನೆಯ ಮಾತು ಇನ್ನೊಬ್ಬರ ಬೇಳೆಯೊಳಗೆ ಬೀಳುತ್ತಿತ್ತು. ಹಾಗಾಗಿ ಆಕೆಯ ಸಂಗತಿ ತಿಳಿಯಲು ನನಗೆ ಬಹಳ ದಿನ ಹಿಡಿಯಲಿಲ್ಲ.

ಗಂಡನ ಮನೆ ಅಕ್ಕಲಕೋಟ. ಗಂಡ ದಾಮೋದರ ಕಾರಕೂನ. ಕೆಟ್ಟವನಲ್ಲ, ಆದರೆ ತಾಯಿ ಕಸ್ತೂರಬಾಯಿಯ ಎದುರಿಗೆ ಎಂದೂ ಬಾಯಿ ಬಿಟ್ಟವನಲ್ಲ. ವರದಾ ಬಾಲವಾಡಿಯಲ್ಲಿ ಕಲಿಸಲು ಹೋಗುತ್ತೇನೆ ಎಂದಳು, ಅತ್ತೆ ಬೇಡವೆಂದಳು. ಮಾತಿಗೆ ಮಾತು ಬೆಳೆದು ವರದಾ ಉಟ್ಟ ಸೀರೆಯಲ್ಲೇ ಸೊಲ್ಲಾಪುರದ ಬಸ್ಸು ಹತ್ತಿದಳು. ಸಿಟ್ಟು ಇಳಿದ ಮೇಲೆ ತಿರುಗಿ ಹೋದರೆ ಹೊಸ್ತಿಲು ದಾಟಿಸಿಕೊಳ್ಳಲಿಲ್ಲ. ಐದು ವರ್ಷದ ಮಗಳು ಶ್ರೀಲೇಖಾ ಅಲ್ಲೇ ಉಳಿದಳು.

ಇಲ್ಲಿ ಒಂದು ಬಾಲವಾಡಿಯಲ್ಲಿ ಆಕೆಗೆ ಕೆಲಸವೇನೋ ಸಿಕ್ಕಿತು. ಊರವರ ಮಕ್ಕಳ ಮೂಗು ಒರೆಸಿ ಬಂದು ನನ್ನ ಕಟ್ಟೆಗೆ ಕೂಡುತ್ತಿದ್ದಳು.

"ಮಾವಶಿ, ಅಕಿ ನನ್ನ ಮರತ ಬಿಡತಾಳ್ರಿ."

"ಹಡದಾಕಿನ್ನ ಯಾರರೆ ಮರೀತಾರೇನ, ಹುಚ್ಚಿ."

"ಐದ ವರ್ಷದ ಕೂಸರಿ. ನಿನ್ನಿ ಉಂಡ ಪಲ್ಲೆ ಇವತ್ತ ನೆನಪಿರೂದಿಲ್ಲ ಅದಕ್ಕ."

ಇದೊಂದೇ ಭಯ ಆಕೆಗೆ. ಬೇರೆ ಏನು ಕಳೆದುಕೊಂಡದ್ದಕ್ಕೂ ಅತ್ತವಳಲ್ಲ.

ಶ್ರಾವಣದಲ್ಲಿ ಕೂಸಿನ ಹುಟ್ಟಿದ ದಿನ ಬಂತು. ಸಂಕ್ರಾಂತಿಗೆ ಕಳಿಸಿದ್ದ ಪಾಕೀಟು ಒಡೆಯದೆಯೇ ವಾಪಸು ಬಂದಿತ್ತು. ಅದಕ್ಕೇ ಈ ಸಲ ಪೋಸ್ಟಿನ ಕಾರ್ಡಿನ ಮೇಲೆಯೇ ಹೂವು ಬಿಡಿಸಿ ಕಳಿಸುವುದೆಂದು ಹಂಚಿಕೆ ಹೂಡಿದಳು. "ಪಾಕೀಟ ಇದ್ರ ಒಡ್ಯಾಂಗಿಲ್ಲ. ಕಾರ್ಡ ಇದ್ರ ಕೂಸಿನ ಕಣ್ಣಿಗರೆ ಬೀಳತದ," ಎಂದಳು.

ಬಾಲವಾಡಿಗೆ ಸೂಟಿ ಇದ್ದ ದಿನ ನನ್ನ ಬುಟ್ಟಿಯಿಂದ ಎರಡು ಬೆಂಡೆಕಾಯಿ ಎತ್ತಿಕೊಂಡಳು.

"ಪಲ್ಲೆಕ್ಕ ತಂದದ್ದವ್ವ ಅವು."

"ಪಲ್ಲೆಕ್ಕ ಇವು ಬಲತಾವ್ರಿ. ಹೂವಿಗೆ ಬಲತದ್ದ ಬೇಕು."

ಬೆಂಡೆಕಾಯಿ ಅಡ್ಡ ಕೊಯ್ದರೆ ಐದು ಎಸಳಿನ ಹೂವು. ಅರವತ್ತು ವರ್ಷ ಕೊಯ್ದರೂ ನಾನು ಅದನ್ನು ಹೂವೆಂದು ನೋಡಿರಲಿಲ್ಲ. ಲೋಳೆ ಇದ್ದರೆ ಬಣ್ಣ ನಿಲ್ಲುವುದಿಲ್ಲವೆಂದು ಚಿಂದಿಯಿಂದ ಒತ್ತಿ ಒತ್ತಿ ಒರೆಸಿದಳು. ಬಟಾಟೆಯ ಹೋಳಿನಲ್ಲಿ ಎಲೆ ಕೊರೆದಳು. ಆಮೇಲೆ ಕುಂಚವನ್ನು ಬರೀ ನೀರಿನಲ್ಲಿ ಅದ್ದಿ ಕಾರ್ಡಿನ ಮೇಲೆ ಸವರಿ, ಹಸಿ ಇದ್ದಾಗಲೇ ತೆಳ್ಳನೆಯ ಹಳದಿ, ಅದರ ಬಾಜೂಕ್ಕೆ ನೀಲಿ ಬಿಟ್ಟಳು. ಹೊಸ ಪಾತಳ ಸೀರೆ ಮೊದಲ ಸಲ ನೀರಿಗೆ ಹಾಕಿದಾಗ ಬಿಡುತ್ತದಲ್ಲ, ಹಾಗೆ ಬಣ್ಣ ತಾನೇ ಹರಡಿತು. ಕಾರ್ಡು ಹಪ್ಪಳದಂತೆ ಸೊಟ್ಟಗಾಯಿತು. ಆರಿದ ಮೇಲೆ ಮಣೆಯ ಕೆಳಗೆ ಒತ್ತಿ ಇಟ್ಟಳು. ಬೆಂಡೆಯ ಹೋಳನ್ನು ಬಣ್ಣಕ್ಕೆ ಅದ್ದಿ ಠಸ್ಸೆ ಹೊಡೆಯುವಾಗ ಮೊದಲನೆಯದು ರದ್ದಿ ಪೇಪರಿನ ಮೇಲೆ, ಎರಡನೆಯದು ಕಾರ್ಡಿನ ಮೇಲೆ.

"ಮೊದಲನೇದು ಬಣ್ಣ ಕುಡದು ಝೋಲಿ ಹೊಡೀತದರಿ. ಎರಡನೇದಕ್ಕ ಎಚ್ಚರ ಬರತದ," ಎಂದು ನಕ್ಕಳು. ಆ ನಗು ಬಹಳ ದಿನಗಳ ಮೇಲೆ ಕಂಡದ್ದು.

ಅಷ್ಟರಲ್ಲಿ ನಳಕ್ಕೆ ನೀರು ಬಂತು. ನಾನು ಕೊಡ ಹಿಡಿದು ಪಾಳಿಯಲ್ಲಿ ನಿಂತೆ. ತಿರುಗಿ ಬರುವುದರೊಳಗೆ ಆಕೆ ಕಾರ್ಡು ಪೋಸ್ಟಿನ ಡಬ್ಬಿಗೆ ಹಾಕಿ ಬಂದು ಕುಂಚ ತೊಳೆಯುತ್ತಿದ್ದಳು.

"ಛಲೋ ಬಂತೇನ?"

"ಭಾರಿ ಬಂತ್ರಿ. ಒಂದ ಮೂಲಿಗೆ ಬಣ್ಣ ಹರದು ಕರ್ರಗ ಆಗಿತ್ತು. ಕತ್ತರೀಲೆ ಅಷ್ಟ ಮೂಲಿ ಹಾರಿಸಿಬಿಟ್ಟೆ."

ನಾನು ಕೊಡ ಕೆಳಗಿಟ್ಟೆ.

ನಮ್ಮ ಕಡೆ ಸಾವಿನ ಸುದ್ದಿ ಬರೆದ ಕಾರ್ಡಿನ ಒಂದು ಮೂಲೆ ಹರಿದಿರುತ್ತದೆ. ಮೂಲೆ ಇಲ್ಲದ ಕಾರ್ಡನ್ನು ಯಾರೂ ಮನೆಯೊಳಗೆ ತರುವುದಿಲ್ಲ. ಹೊಸ್ತಿಲ ಹೊರಗೇ ಹರಿದು ಚೆಲ್ಲಿ, ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಹೋಗುವುದು. ಹೇಳಿದರೆ ವರದಾ ಒಪ್ಪಲೊಲ್ಲಳು.

"ಹೂ ಅದಾವಲ್ರಿ ಅದರಾಗ. ಸತ್ತ ಸುದ್ದಿಗೆ ಯಾರರೆ ಹೂ ತೆಗೀತಾರೇನು?"

"ಕಸ್ತೂರಬಾಯಿಗೆ ಓದಾಕ ಬರತದೇನ?"

"ಇಲ್ರಿ."

"ಓದಾಕ ಬರಲಾರದವರು ಮೊದಲ ಮೂಲಿ ನೋಡತೀವವ್ವ."

ಆಕೆ ಚಪ್ಪಲಿ ಇಲ್ಲದೇ ರಸ್ತೆಗೆ ಓಡಿದಳು. ಪೋಸ್ಟಿನವ ಡಬ್ಬಿ ಬರಿದು ಮಾಡಿಕೊಂಡು ಹೋಗಿಯಾಗಿತ್ತು. ಕಾರ್ಡು ಮುಟ್ಟುವ ಮೊದಲು ನೀನೇ ಅಕ್ಕಲಕೋಟಕ್ಕೆ ಹೋಗು ಎಂದೆ. "ಹೊಸ್ತಿಲಾಗಿಂದ ಹೊರಗ ಹಾಕತಾರ್ರಿ. ಹುಟ್ಟಿದ ದಿನ ಅಕಿ ಅದನ್ನ ನೋಡಬೇಕೇನು?" ಎಂದಳು. ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ ಇನ್ನೊಂದು ಕಾರ್ಡು ಬರೆದು ಹಾಕಿದಳು. ಆದರೆ ಮೊದಲು ಹೋದದ್ದು ಮೊದಲೇ ಮುಟ್ಟುತ್ತದೆ.

ಎರಡನೆಯ ಕಾರ್ಡು ಇನ್ನೂ ಮುಟ್ಟಿರಲಿಕ್ಕಿಲ್ಲ, ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಓಣಿಯ ತಿರುವಿನಲ್ಲಿ ಹಾಡ್ಯಾಡಿ ಅಳುವ ದನಿ ಕೇಳಿತು. "ಬಂಗಾರದಂಥಾಕಿ ನನ್ನ ಸೊಸಿ... ಒಂದಿನ ಎದುರ ಮಾತಾಡಲಿಲ್ಲಲ್ಲೋ..." ಎದೆ ಬಡಿದುಕೊಳ್ಳುತ್ತ ಒಬ್ಬ ಮುದುಕಿ ಬಂದಳು. ಹಿಂದೆ ಮುಖ ಬಾಡಿದ ಗಂಡಸು, ಅವನ ಕೈ ಹಿಡಿದ ಕೂಸು. ಯಾರೆಂದು ನನಗೆ ಹೇಳಬೇಕಾಗಲಿಲ್ಲ.

ಅಳು ಕೇಳಿ ವರದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಸ್ತೂರಬಾಯಿಯ ಹಾಡು ಅರ್ಧಕ್ಕೆ ನಿಂತಿತು.

"ಜೀವಂತ ಅದಿ?"

"ಅದೀನ್ರಿ, ಅತ್ತಿ."

ಮುದುಕಿ ಕಟ್ಟೆಗೆ ಕುಸಿದು ಕೂತಳು. ನಾನು ಕೊಟ್ಟ ನೀರು ಕುಡಿದಳು. ಉಸಿರು ಬಂದ ಕೂಡಲೇ ಸಿಟ್ಟೂ ಬಂತು. "ಮಗಳ ಹುಟ್ಟಿದ ದಿನಕ್ಕ ಮೂಲಿ ಇಲ್ಲದ ಕಾಗದ ಕಳಿಸಿದಿ. ಸೊಲ್ಲಾಪುರದ್ದು ಅಂದ ಪೋಸ್ಟಿನವ, ನೀನ ಹೋದಿ ಅಂತ ತಿಳದು ಹರದು ಗಟಾರಕ್ಕ ಹಾಕಿ ಕೂಸಿನ ತಲಿ ಮ್ಯಾಲ ಥಣ್ಣೀರ ಸುರುವೀನಿ. ಸೀನಾಕತ್ತದ ನೋಡು."

"ನಮ್ಮನ್ನ ಕರಸಾಕ ಹೂಡಿದ ಆಟೇನ ಇದು?" ಎಂದ ದಾಮೋದರ.

"ಅದು ಹೂವಿನ ಕಾರ್ಡರಿ. ಬಣ್ಣ ಹೊಲಸಾಗಿತ್ತಂತ ಕತ್ತರಿಸಿದೆ. ಹೂ ನೋಡಲಿಲ್ಲೇನ್ರಿ, ಅತ್ತಿ?"

"ನೋಡಿದೆ. ಹೆಣದ ಮ್ಯಾಲಿನ ಹೂ ಅಂತ ತಿಳದೆ."

ನಾನು ನಡುವೆ ಬಾಯಿ ಹಾಕಿದೆ. "ಅತ್ತದ್ದರೆ ಖರೇ ಇತ್ತಲ್ರಿ, ಕಸ್ತೂರಬಾಯಿ. ಬಂಗಾರದಂಥಾಕಿ ಅಂದ್ರಿ."

"ಸತ್ತಾಕಿಗಿ ಅತ್ತೇನಿ. ಇಕಿಗಲ್ಲ."

ವರದಾ ಆ ಮಾತು ಕೇಳಿಸಿಕೊಂಡಳೋ ಇಲ್ಲವೋ. ಆಕೆಯ ಕಣ್ಣು ಕೂಸಿನ ಮೇಲಿತ್ತು. ಕೈ ಸೆರಗಿಗೆ ಒರೆಸಿಕೊಂಡು, ಮಂಡಿಯೂರಿ, "ಲೇಖಿ, ಬಾ," ಎಂದಳು. ಕೂಸು ಅಪ್ಪನ ಕಾಲ ಹಿಂದೆ ಸರಿಯಿತು.

"ನೀ ಸತ್ತಿದಿ."

"ಇಲ್ಲವ್ವಾ. ನೋಡು, ಇಲ್ಲೇ ಅದೀನಿ."

ಕೂಸು ಆಕೆಯ ಮುಖ ನೋಡುತ್ತಿರಲಿಲ್ಲ, ಸೀರೆಯ ಅಂಚು ನೋಡುತ್ತಿತ್ತು. ದೆವ್ವದ ಪಾದಗಳು ಹಿಂದುಮುಂದಾಗಿರುತ್ತವೆ ಎಂದು ನಮ್ಮ ಕಡೆ ಎಲ್ಲ ಮಕ್ಕಳಿಗೂ ಗೊತ್ತು. ವರದಾಗೆ ಅದು ತಿಳಿಯಿತು. ಎದ್ದು ನಿಂತು, ಸೀರೆಯನ್ನು ಹರಡಿನ ತನಕ ಎತ್ತಿ ಹಿಡಿದಳು. ಲೇಖಿ ಒಂದು ಹೆಜ್ಜೆ ಬಂದು, ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳನ್ನು ಒಂದು ಬೆರಳಿನಿಂದ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡಳು.

"ಥಣ್ಣಗದ," ಎಂದಳು ಅಪ್ಪನಿಗೆ.

ಹಿಟ್ಟು ನಾದುವ ಮುಂಚೆ ಬಚ್ಚಲ ನೀರಿನಲ್ಲಿ ತೊಳೆದ ಕಾಲು ಅವು. ಅದನ್ನು ಯಾರಿಗೆ ಹೇಳುವುದು. ದಾಮೋದರ ಕೂಸನ್ನು ಎತ್ತಿಕೊಂಡ. ಅವರು ಓಣಿ ದಾಟುವ ತನಕ ವರದಾ ಸೀರೆ ಇಳಿಬಿಡಲಿಲ್ಲ.

ಹೋಗುವಾಗ ಕಸ್ತೂರಬಾಯಿ ಒಂದು ಮಾತು ಅಂದಿದ್ದಳು, ಗುರುವಾರ ಅಕ್ಕಲಕೋಟದ ಮಠಕ್ಕೆ ಕೂಸನ್ನು ತರುತ್ತೇನೆ, ನೋಡುವುದಿದ್ದರೆ ದೂರದಿಂದ ನೋಡಿ ಹೋಗು ಎಂದು. ಮನಸ್ಸು ಕರಗಿತೋ, ಜೀವಂತ ಇದ್ದವಳಿಗೆ ಅತ್ತದ್ದರ ದೋಷಕ್ಕೆ ಅಂಜಿದಳೋ, ನನಗೆ ಗೊತ್ತಿಲ್ಲ. ವರದಾ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬಂದಳು. ಕೂಸು ಗುರುತು ಹಿಡಿಯಿತೇ ಎಂದು ಕೇಳಿದೆ.

"ಮರತಿಲ್ರಿ, ಮಾವಶಿ," ಎಂದಳು. "ಅಂಜತಾಳ."