ಅಮ್ಮನ ಹಣೆಗೆ ಕಟ್ಟಿದ ಕ್ಯಾಮೆರಾ

ಆ ಕ್ಯಾಮೆರಾ ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು, ಅಷ್ಟೆ. ಜೊತೆಗೆ ಬಂದ ಸಾಮಾನು ಮಾತ್ರ ಒಂದು ಸಣ್ಣ ಗ್ಯಾರೇಜು ತೆರೆಯುವಷ್ಟಿತ್ತು. ಬೈಕಿನ ಹ್ಯಾಂಡಲ್‌ಗೆ ಒಂದು ಕ್ಲಿಪ್ಪು, ಹೆಲ್ಮೆಟ್ಟಿಗೆ ಇನ್ನೊಂದು, ಎದೆಗೆ ಕಟ್ಟುವ ಪಟ್ಟಿ, ಹಣೆಗೆ ಕಟ್ಟುವ ಪಟ್ಟಿ, ನೀರಿನಲ್ಲಿ ಮುಳುಗಿಸಲು ಪಾರದರ್ಶಕ ಡಬ್ಬಿ. ಇನ್ನು ಏಳೆಂಟು ಸ್ಕ್ರೂಗಳು ಯಾತಕ್ಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೆನು ಚೀನೀ ಭಾಷೆಯಲ್ಲಿತ್ತು. ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಏನನ್ನು ಆನ್ ಮಾಡಿದೆನೋ, ಏನನ್ನು ಆಫ್ ಮಾಡಿದೆನೋ, ಆ ದೇವರೇ ಬಲ್ಲ.

ಆಗ ನಾನು ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ದೊಡ್ಡಬಳ್ಳಾಪುರದಿಂದ ದಿನಾ ಬೈಕಿನಲ್ಲಿ ಓಡಾಟ. ವಿಡಿಯೋ ಮಾಡಿ ಹಾಕುವ ಹುಚ್ಚು ಎಲ್ಲರಿಗೂ ಹತ್ತಿದ್ದ ಕಾಲ, ನನಗೂ ಹತ್ತಿತ್ತು. ಒಳ್ಳೆಯ ಕ್ಯಾಮೆರಾ ನನ್ನ ಕೈಗೆ ಎಟುಕುವಂತಿರಲಿಲ್ಲ. ಅದರ ಹಾಗೇ ಕಾಣುವ ಅಗ್ಗದ್ದನ್ನು ತರಿಸಿಕೊಂಡೆ. ಮೊದಲ ದಿನವೇ ನಿಲ್ದಾಣದ ಕಾಂಪೌಂಡಿನಾಚೆ ನಿಂತು, ತಲೆಯ ಮೇಲೇ ಇಳಿದುಬಂದ ದೊಡ್ಡ ವಿಮಾನವೊಂದನ್ನು ಹಿಡಿದೆ. ಮನೆಗೆ ಬಂದು ನೋಡಿದರೆ ಪರದೆಯ ತುಂಬಾ ಆಕಾಶ, ಮೂಲೆಯಲ್ಲಿ ನನ್ನ ಹೆಬ್ಬೆರಳು, ನಡುವೆ ಒಂದು ಚುಕ್ಕೆ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನಿಗೆ ತೋರಿಸಿದೆ. "ಏನ್ ಗುರು, ನೊಣ ಶೂಟ್ ಮಾಡೋಕೆ ಅಷ್ಟು ದೂರ ಹೋಗಿದ್ದಾ? ನಮ್ ಕ್ಯಾಂಟೀನಲ್ಲೇ ಬೇಕಾದಷ್ಟು ಇದ್ವಲ್ಲೋ" ಎಂದು ನಕ್ಕ. ಮೈಯೆಲ್ಲಾ ಉರಿದುಹೋಯಿತು. ನಗು ಮುಗಿಸಿದ ಮೇಲೆ ಅವನೇ ಹೇಳಿದ: "ಇದು ದೂರದ್ದಕ್ಕಲ್ಲ ಕಣೋ. ಹತ್ರ ಇರೋದನ್ನ ಹಿಡಿ."

ಹತ್ತಿರ ಇರುವುದು ಎಂದೊಡನೆ ನೆನಪಾದದ್ದು ಅಮ್ಮನ ಕೈ.

ನಮ್ಮದು ನೇಕಾರರ ಮನೆ. ಹಿಂಭಾಗದ ಕೋಣೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು, ಅವನ್ನು ನೋಡಿಕೊಳ್ಳುತ್ತಿದ್ದದ್ದು ಅಪ್ಪ. ಒಂದು ಮಗ್ಗದ ಹಾಸು, ಅಂದರೆ ಉದ್ದದ ನೂಲು, ಮುಗಿಯುತ್ತಾ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಸೇರಿಸಬೇಕು. ಸಾವಿರಾರು ಎಳೆ. ಚಿಟಿಕೆ ಬೂದಿ ಮುಟ್ಟಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಹೊಸೆಯಬೇಕು. ಇದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಅಮ್ಮ ಅದರಲ್ಲಿ ಇಡೀ ಬೀದಿಗೆ ಹೆಸರುವಾಸಿ, ಬೇರೆಯವರ ಮನೆಗಳಿಂದಲೂ ಕರೆ ಬರುತ್ತಿತ್ತು. ಆದರೆ ಆ ವರ್ಷ ಅವಳು ಹೊಸೆದ ಎಳೆಗಳು ನೇಯುವಾಗ ಪಟಪಟ ಬಿಚ್ಚಿಕೊಳ್ಳತೊಡಗಿದ್ದವು. ಅಪ್ಪ ದೇವನಹಳ್ಳಿ ಪಕ್ಕದ ವಿಜಯಪುರದಿಂದ ಬರುವ ನೂಲನ್ನು ಬೈದರು. ಅಮ್ಮನೂ "ನೂಲೇ ಸರಿಯಿಲ್ಲ" ಎಂದಳು. ನನಗೆ ಮಾತ್ರ ಒಳಗೊಳಗೇ ಅನುಮಾನ. ಅವಳಿಗೆ ವಯಸ್ಸಾಗುತ್ತಿತ್ತು. ಆ ಕೈ ಸೋಲುವ ಮುಂಚೆ ಅದರ ಕೆಲಸವನ್ನು ಪೂರ್ತಿ ಹಿಡಿದಿಟ್ಟುಕೊಳ್ಳಬೇಕು ಎನ್ನಿಸಿತು. ಕೈ ಸೋಲುತ್ತಿದೆಯೇ ಎಂದು ಅವಳನ್ನೇ ಕೇಳಬಹುದಿತ್ತಲ್ಲ! ಅದು ಹೊಳೆಯಲಿಲ್ಲ ನನ್ನ ಮಂಡೆಗೆ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ಕೆಚ್ಚಲು ಕೂತಳು. ಅವಳ ಮುಂದಿನ ಮಗ್ಗ ನಿಂತಿತ್ತು, ಉಳಿದ ಮೂರು ಓಡುತ್ತಿದ್ದವು. ಕೋಣೆಯಲ್ಲಿ ನೂಲಿನ ಧೂಳು ಹಾರುತ್ತದಲ್ಲ ಎಂದು ಕ್ಯಾಮೆರಾವನ್ನು ಆ ನೀರಿನ ಡಬ್ಬಿಯೊಳಗೆ ಹಾಕಿ ಅವಳ ಹಣೆಗೆ ಕಟ್ಟಿದೆ.

"ಇದೇನೋ ಇದು, ಎತ್ತಿಗೆ ಹಣೆಪಟ್ಟಿ ಕಟ್ದಂಗೆ?"

"ಸುಮ್ನಿರಮ್ಮ. ನೀನು ನೋಡಿದ್ದೆಲ್ಲ ಅದ್ರಲ್ಲಿ ಬರುತ್ತೆ. ತಲೆ ಮಾತ್ರ ತಿರುಗಿಸ್ಬೇಡ, ಎಲ್ಲ ಕೆಟ್ಹೋಗುತ್ತೆ. ಹೆಂಗ್ ಮಾಡ್ಬೇಕು ಅಂತ ಹೇಳ್ತಾ ಹೋಗು. ನಾನು ಹಿಂದೇನೇ ಇರ್ತೀನಿ."

ಅವಳು ಹೇಳುತ್ತಾ ಹೋದಳು. ಮಗ್ಗ ನಿಲ್ಲಿಸಬೇಕು ಎಂದು ನಮಗೆ ಯಾರಿಗೂ ತೋಚಲಿಲ್ಲ. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಅದು ಸದ್ದೇ ಅಲ್ಲ. ಮಗ್ಗದ ಮನೆಯಲ್ಲಿ ಯಾರೂ ಒಬ್ಬರ ಮಾತನ್ನು ಒಬ್ಬರು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಏನಾದರೂ ಕೇಳಿದಾಗ ಎದುರಿನವರು ತಲೆಯಾಡಿಸಿದರೆ, ಕೈಯಾಡಿಸಿದರೆ ಸರಿ. ಉತ್ತರವೇ ಬರದಿದ್ದರೆ ಮಾಡುತ್ತಿರುವ ಕೆಲಸ ಮುಂದುವರಿಸು ಎಂದು ಅರ್ಥ. ನಮ್ಮ ಮನೆಯಲ್ಲಿ ಅದು ಅಲಿಖಿತ ಕಾನೂನು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಸೂಪರ್‌ವೈಸರ್. ಒಳಗೆ ಕೇಳಿಸುವುದಿಲ್ಲವೆಂದು ಬೀದಿಗೆ ಬಂದೆ. ಪಾಳಿ ಬದಲಾವಣೆಯ ರಗಳೆ. ಮಾತಿನ ನಡುವೆ ಕರೆಂಟು ಹೋಗಿ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ಅಪ್ಪ ಹೊರಬಂದು ಎದುರು ಮನೆಯ ಜಗಲಿಯಲ್ಲಿ ಕೂತರು. ಸದ್ಯ, ಈಗ ಸರಿಯಾಗಿ ಕೇಳಿಸುತ್ತದೆ ಎಂದು ನಾನು ಇನ್ನಷ್ಟು ಹೊತ್ತು ಮಾತಾಡಿದೆ. ಕರೆಂಟು ಬಂದ ಮೇಲೆ ಒಳಗೆ ಹೋದರೆ ಅಮ್ಮ ತಲೆ ತಿರುಗಿಸದೆ ಕೆಚ್ಚುತ್ತಲೇ ಇದ್ದಳು. ಪಾಪ, ಎಷ್ಟು ಚೆನ್ನಾಗಿ ಹೇಳಿದ್ದನ್ನು ಕೇಳುತ್ತಾಳೆ ಅಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ ನನ್ನ ಪರದಾಟ. ಒಂದೇ ವಿಡಿಯೋ ಇರಬೇಕಾದಲ್ಲಿ ಮೂರು ಮೂರು ನಿಮಿಷದ ತುಂಡುಗಳು ಬಿದ್ದಿದ್ದವು. ಎಲ್ಲದರ ಮೇಲೂ ಜನವರಿ ಒಂದನೇ ತಾರೀಕು. ಯಾವುದರ ಮುಂದೆ ಯಾವುದು? ತಿಳಿಯಲಿಲ್ಲ. ಒಂದರಲ್ಲಿ ಬೂದಿಯ ಬಟ್ಟಲು, ಇನ್ನೊಂದರಲ್ಲೂ ಬೂದಿಯ ಬಟ್ಟಲು. ಎಳೆಗಳಂತೂ ಕಾಣಿಸಲೇ ಇಲ್ಲ, ಅಮ್ಮ ಗಾಳಿಯನ್ನೇ ಹೊಸೆಯುತ್ತಿದ್ದಂತಿತ್ತು. ಸದ್ದು ಕೇಳಿದರೆ ಬರೀ ಗುಡುಗು. ಥೂ ಇದರ ಮನೆ ಹಾಳಾಗ ಎಂದು ಬೈದು ಕ್ಯಾಮೆರಾವನ್ನು ಕಪಾಟಿಗೆ ಎಸೆದೆ. ಆ ವಾರ ಅಮ್ಮ ಬೀದಿಯ ಎರಡು ಮನೆಗಳಿಗೆ ಕೆಚ್ಚಲು ಹೋಗಿಬಂದಳು. ಅಲ್ಲೂ ಎಳೆ ಬಿಚ್ಚಿಕೊಂಡವಂತೆ. ಅವಳು ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಿದ್ದಳು. ಯಾಕೆಂದು ತಿಳಿಯದೆ ನಾನು ಸಾರು ಬಡಿಸಿಕೊಂಡೆ.

ಮುಂದಿನ ಭಾನುವಾರ, ಅಳಿಸಿಹಾಕುವ ಮುಂಚೆ ಇನ್ನೊಂದು ಸಲ ನೋಡೋಣವೆಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮುಂಬಾಗಿಲಲ್ಲಿ ಕೂತೆ. ಗುಡುಗು, ಗುಡುಗು. ಆರನೆಯದೋ ಏಳನೆಯದೋ ತುಂಡಿನಲ್ಲಿ ಗುಡುಗು ತಟ್ಟನೆ ನಿಂತಿತು. ಕರೆಂಟು ಹೋದ ಹೊತ್ತು. ಡಬ್ಬಿಯೊಳಗಿಂದ, ಬಾವಿಯ ತಳದಿಂದ ಬಂದಂತೆ, ಅಮ್ಮನ ದನಿ.

"ಲೇ, ಕರೆಂಟ್ ಹೋಯ್ತಲ್ಲ, ಈಗ್ಲಾದ್ರೂ ಕೇಳುಸ್ತಾ? ಆವಾಗಿಂದ ಹೇಳ್ತಾನೇ ಇದೀನಿ. ಬೆರಳಲ್ಲಿ ಎಳೆ ಇದ್ಯೋ ಇಲ್ವೋ ನಂಗೆ ಗೊತ್ತಾಗ್ತಿಲ್ಲ ಕಣೋ. ಯುಗಾದಿಯಿಂದ ಹಿಂಗೇ, ಮರಗಟ್ಟೋಗಿದೆ. ನಿಮ್ಮಪ್ಪಂಗೆ ಹೇಳಿಲ್ಲ. ನೂಲಿಂದೇನೂ ತಪ್ಪಿಲ್ಲ."

ಪರದೆಯ ಮೇಲೆ ಅವಳ ಎರಡು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

"ಸಾಕು ಅನ್ಸುತ್ತೆ ಕಣೋ ನಂಗೆ. ಬಿಟ್ಬಿಡ್ಲಾ?"

ಅವಳು ಕಾದಳು. ತಲೆ ತಿರುಗಿಸಲಿಲ್ಲ, ತಿರುಗಿಸಬೇಡ ಎಂದಿದ್ದೆನಲ್ಲ. ಬೀದಿಯಲ್ಲಿ ಸೂಪರ್‌ವೈಸರ್ ಜೊತೆ ನಾನು ಗಟ್ಟಿಯಾಗಿ ನಗುತ್ತಿದ್ದದ್ದು ನನಗೇ ಕೇಳಿಸಿತು. ಅದು ಮಸುಕು ಮಸುಕಾಗಿ, ಯಾರದೋ ನಗುವಿನಂತಿತ್ತು. ಅವಳಿಗೆ ಅದು ನಾನೆಂದು ಗೊತ್ತಾಗಿರಲಾರದು.

"ಮಾತಾಡೋ" ಎಂದಳು. ಮತ್ತೆ ಕಾದಳು. "ಆಯ್ತು ಬಿಡು" ಎಂದು ಬೂದಿ ಮುಟ್ಟಿ ಇನ್ನೊಂದು ಎಳೆಗೆ ಕೈ ಹಾಕಿದಳು. ಮಗ್ಗಗಳು ಮತ್ತೆ ಗುಡುಗಿದವು.

ನನಗೆ ಅಳು ಬಂತು, ಅದಕ್ಕಿಂತ ಮೊದಲು ನಾಚಿಕೆ ಬಂತು. ನೇರವಾಗಿ ಮಗ್ಗದ ಕೋಣೆಗೆ ನಡೆದೆ. ಅಮ್ಮ ಆವತ್ತು ಇನ್ನೊಂದು ಮಗ್ಗದ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಕೆಚ್ಚುತ್ತಾ ಕೂತಿದ್ದಳು. ಗೋಡೆಯ ಮೇನ್ ಸ್ವಿಚ್ಚನ್ನು ಕೆಳಗೆಳೆದೆ. ಮೂರೂ ಮಗ್ಗಗಳು ಎಳೆಯ ನಡುವೆಯೇ ನಿಂತುಬಿಟ್ಟವು.

"ಯಾವನ್ಲಾ ಅವ್ನು!" ಎಂದರು ಅಪ್ಪ.

"ನಾನೇ ಅಪ್ಪ. ಅಮ್ಮ, ಸಾಕು. ಬಿಟ್ಬಿಡು."

ಅವಳು ಕೂಡಲೇ ತಿರುಗಲಿಲ್ಲ. ಬೆರಳಲ್ಲಿದ್ದ ಎಳೆಯನ್ನು ಮೆಲ್ಲಗೆ ಕೆಳಗೆ ಬಿಟ್ಟಳು.

"ಒಂದು ಮಾತಿಗೆ ಉತ್ರ ಕೊಡೋಕೆ ಎಂಟು ದಿನ ಬೇಕಾಯ್ತೇನೋ ನಿಂಗೆ?"

"ಏನ್ ಮಾತು? ಏನ್ ಉತ್ರ? ಏನಾಗಿದೆ ನಿಮ್ಗೆಲ್ಲ?" ಅಪ್ಪನ ದನಿ ಏರಿತು. ಅಮ್ಮ ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಕಡೆ ತಿರುಗಿದಳು. ಅವಳು ಹೇಳಿ ಮುಗಿಸುವವರೆಗೂ ನಾನು ಸ್ವಿಚ್ಚಿನ ಮೇಲಿದ್ದ ಕೈ ತೆಗೆಯಲಿಲ್ಲ.