ಈಶಾನ್ಯ ಮೂಲೆಯ ಮೊಲ

ಮನೆಯಲ್ಲಿ ಮೊಲ ಸಾಕಿದ್ದೇವೆ, ಇಷ್ಟು ದಿನ ಉಚ್ಚೆ ಹಿಕ್ಕೆಗೆಲ್ಲ ಟ್ರೇಗೇ ಹೋಗುತ್ತಿತ್ತು, ಈಗ ಇದ್ದಕ್ಕಿದ್ದಂತೆ ಎಲ್ಲೆಂದರಲ್ಲಿ ಗಲೀಜು ಮಾಡುತ್ತಿದೆ, ಅದಕ್ಕೆ ತಲೆ ಕೆಟ್ಟಿರಬೇಕು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಮೊದಲು ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಆಮೇಲೆ, ಮನೆಯಲ್ಲಿ ಏನನ್ನು ಎಲ್ಲಿಂದ ಎಲ್ಲಿಗೆ ಸರಿಸಿದಿರಿ ಎಂದು ಕೇಳುತ್ತೇನೆ. ಏನೂ ಇಲ್ಲವಲ್ಲ ಅನ್ನುತ್ತಾರೆ. ನಮ್ಮ ಅಮ್ಮನೂ ಹಾಗೇ ಅಂದಿದ್ದಳು.

ಅಮ್ಮ ಈಗಿಲ್ಲ. ಮದ್ದೂರಿನ ಆ ಮನೆಯೂ ಬೇರೆಯವರ ಪಾಲಾಗಿದೆ. ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ ಎಷ್ಟು ಸಲ ಆ ಬೀದಿಯಲ್ಲಿ ಹಾದುಹೋಗಿದ್ದೇನೋ, ಪ್ರತಿ ಸಲವೂ ಕತ್ತು ತಾನಾಗಿ ಅತ್ತ ತಿರುಗುತ್ತದೆ. ಒಳಗೆ ಹೋಗಿ ಒಂದು ಗಳಿಗೆ ನಡುಮನೆಯ ಮೂಲೆಯಲ್ಲಿ ಕೂತು ಬರೋಣವೆನಿಸುತ್ತದೆ. ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದದ್ದು ಆ ಮೂಲೆಗೆ.

ಮೊಲವನ್ನು ಕೊಟ್ಟದ್ದು ಅಪ್ಪನ ಊರು ಕೊಪ್ಪದಲ್ಲಿದ್ದ ಚಿಕ್ಕಪ್ಪ. ಮಾಂಸಕ್ಕೆಂದು ಶೆಡ್ಡಿನಲ್ಲಿ ಮೊಲ ಸಾಕುತ್ತಿದ್ದ ಮನುಷ್ಯ. ಡಿಗ್ರಿ ಮುಗಿಸಿ ಮನೆಯಲ್ಲಿ ಬೇಜಾರಾಗಿ ಕೂತಿದ್ದ ನನ್ನ ಮಡಿಲಿಗೆ ಒಂದು ಬೂದು ಬಣ್ಣದ ಹೆಣ್ಣು ಮರಿ ಹಾಕಿ ಹೋದ. ಬಂದಾಗಲೆಲ್ಲ ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, ಇನ್ನೊಂದು ಸ್ವಲ್ಪ ದಪ್ಪಗಾಗಲಿ ಅನ್ನುತ್ತಿದ್ದ. ಅದು ತಮಾಷೆಯೋ ನಿಜವೋ ನನಗೆ ಕೊನೆವರೆಗೂ ಗೊತ್ತಾಗಲಿಲ್ಲ.

ನಾವು ಕಲಿಸುವ ಮೊದಲೇ ಮೊಲ ತನ್ನ ಜಾಗವನ್ನು ತಾನೇ ಆರಿಸಿಕೊಂಡಿತು. ಮೂಗು ಅಲ್ಲಾಡಿಸುತ್ತ ಇಡೀ ಮನೆ ಸುತ್ತಿ, ಆ ಬಿಸಿಲ ಮೂಲೆಗೆ ಹೋಗಿ ಕೂತಿತು. ಅಲ್ಲಿ ಒಂದು ಪ್ಲಾಸ್ಟಿಕ್ ಟ್ರೇ ಇಟ್ಟು ಭತ್ತದ ಹುಲ್ಲು ಹಾಸಿದೆವು, ಅಷ್ಟೇ. ಉಚ್ಚೆಯೂ ಅಲ್ಲೇ, ಹಿಕ್ಕೆಯೂ ಅಲ್ಲೇ. ಅಕ್ಕಪಕ್ಕದವರ ಮುಂದೆ ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ನಿಮ್ಮ ಮಕ್ಕಳಿಗಿಂತ ವಾಸಿ ಎಂದು ಒಬ್ಬರ ಮುಖಕ್ಕೇ ಹೇಳಿ ಜಗಳವನ್ನೂ ತಂದುಕೊಂಡಿದ್ದಳು.

ಆ ವರ್ಷ ನನಗೆ ಬಂದ ಗಂಡುಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋದವು. ನನಗೇನೂ ಬೇಸರವಿರಲಿಲ್ಲ, ಅಮ್ಮನಿಗೆ ಮಾತ್ರ ನಿದ್ದೆ ಹಾರಿಹೋಯಿತು. ಯಾರದೋ ಮಾತು ಕೇಳಿ ಮಳವಳ್ಳಿಯಿಂದ ವಾಸ್ತು ಹೇಳುವವರನ್ನು ಕರೆಸಿದಳು. ಅವರು ಮನೆಯೆಲ್ಲ ಸುತ್ತಿ ಆ ಮೂಲೆಗೆ ಬಂದು ನಿಂತು, ಟ್ರೇ ನೋಡಿ ಕಣ್ಣು ಮುಚ್ಚಿಕೊಂಡರು. ಈಶಾನ್ಯದಲ್ಲಿ ದೇವರಿರಬೇಕು, ಅಲ್ಲಿ ಈ ಹೊಲಸು ಇಟ್ಟುಕೊಂಡು ಮಗಳ ಮದುವೆ ಆಗಲಿ ಅಂದರೆ ಹೇಗೆ ಆಗುತ್ತದೆ ಎಂದರು. ಅಡುಗೆಮನೆಯ ಗೂಡಿನಲ್ಲಿ ಹಾಯಾಗಿದ್ದ ದೇವರಿಗೆ ಹೊಸ ಮಂಟಪ ಬಂದು, ಅದು ಆ ಮೂಲೆಯಲ್ಲಿ ಕೂತಿತು. ಟ್ರೇ ಹಿತ್ತಲ ಬಾಗಿಲ ಬಳಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಹೋಯಿತು.

ಮೊಲ ಟ್ರೇಯನ್ನು ತಿರುಗಿಯೂ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಮಂಟಪದ ಮುಂದೆ, ಸರಿಯಾಗಿ ರಂಗೋಲಿಯ ಮೇಲೆ, ಉಚ್ಚೆ ಹೊಯ್ದಿತ್ತು. ಅಮ್ಮ ಫಿನಾಯಿಲ್ ಹಾಕಿ ಒರೆಸಿ, ಶುದ್ಧವಾಗಲೆಂದು ಹಿಂದಿನ ಬೀದಿಯ ಹಸುವಿನ ಗಂಜಲ ತಂದು ಚಿಮುಕಿಸಿದಳು. ಮೊಲ ಎರಡು ಕಡೆ ಹೊಯ್ದಿತು. ಅಮ್ಮ ಇನ್ನಷ್ಟು ಗಂಜಲ ತಂದಳು. ಹೀಗೆ ಇಬ್ಬರಿಗೂ ಪಂದ್ಯ ಬಿದ್ದಂತಾಯಿತು. ನಡುಮನೆಯಲ್ಲೆಲ್ಲ ಕಾಳುಮೆಣಸು ಚೆಲ್ಲಿದ ಹಾಗೆ ಹಿಕ್ಕೆ. ಮಡಿಲಲ್ಲಿ ಮಲಗುತ್ತಿದ್ದ ಪ್ರಾಣಿ ಈಗ ಕೈ ಚಾಚಿದರೆ ಹಿಂಗಾಲಿನಿಂದ ನೆಲಕ್ಕೆ ಧಡ್ಡೆಂದು ಬಡಿಯುತ್ತಿತ್ತು. ಒಂದು ದಿನ ಪೂಜೆಗೆ ನಿಂತಿದ್ದ ಅಪ್ಪನ ಹಿಮ್ಮಡಿಯನ್ನೇ ಕಚ್ಚಿತು.

ಅಪ್ಪ ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಹಿಮ್ಮಡಿಗೆ ಅರಿಶಿನ ಹಚ್ಚಿಕೊಳ್ಳುತ್ತಲೇ ಚಿಕ್ಕಪ್ಪನಿಗೆ ಫೋನ್ ಮಾಡಿ, ಭಾನುವಾರ ಬಂದು ತಗೊಂಡು ಹೋಗು ಎಂದರು. ಭಾನುವಾರ ನಮ್ಮ ಕಡೆ ಬಾಡೂಟದ ದಿನ. ಕೊಪ್ಪಕ್ಕೆ ಹೋದ ಮೊಲದ ಗತಿ ಏನೆಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಅತ್ತು ಕೂಗಾಡಿದೆ, ಊಟ ಬಿಟ್ಟೆ. ಅಮ್ಮ ತಟ್ಟೆ ತಂದು ಮುಂದಿಟ್ಟು, ನಿನ್ನ ಮದುವೆಗಿಂತ ಮೊಲ ದೊಡ್ಡದೇನೇ ಎಂದು ಕೇಳಿದಳು. ದೊಡ್ಡದು ಎಂದೆ.

ಹಠ ಮಾಡಿ ಶನಿವಾರ ಮೊಲವನ್ನು ದನದ ಆಸ್ಪತ್ರೆಗೆ ಒಯ್ದೆ. ಅಮ್ಮನೂ ಜೊತೆಗೆ ಬಂದಳು. ಡಾಕ್ಟರಮ್ಮ ಹೊಟ್ಟೆ ಒತ್ತಿದರು, ಹಲ್ಲು ನೋಡಿದರು, ಕಾಯಿಲೆ ಏನೂ ಇಲ್ಲವೆಂದರು. ಮನೆಯಲ್ಲಿ ಏನಾದರೂ ಬದಲಾಯಿತೇ ಎಂದು ಕೇಳಿದರೆ ಅಮ್ಮ, ಏನೂ ಇಲ್ಲ, ದೇವರನ್ನು ಸರಿಸಿದ್ದೇವೆ ಅಷ್ಟೆ ಎಂದಳು. ಒರೆಸುವುದು ಯಾವುದರಲ್ಲಿ ಎಂದಾಗ ಗಂಜಲದ ವಿಷಯ ಹೇಳಿದಳು, ಸ್ವಲ್ಪ ಜಂಬದಿಂದಲೇ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು.

"ಅದ್ರ ಜಾಗಕ್ಕೆ ನೀವು ದಿನಾ ಹಸು ಉಚ್ಚೆ ಹಾಕುದ್ರೆ, ಇನ್ಯಾವುದೋ ಪ್ರಾಣಿ ಬಂದು ನನ್ನ ಜಾಗ ಕಿತ್ಕೊಳ್ತಾ ಐತೆ ಅಂದ್ಕೊಳ್ತದಮ್ಮ. ಬುಟ್ಕೊಟ್ಟಾದಾ? ಅದಕ್ಕೆ ಹೋಗಿ ಹೋಗಿ ಗುರುತು ಹಾಕ್ತದೆ."

ಟ್ರೇಯನ್ನು ಹಳೆಯ ಜಾಗದಲ್ಲೇ ಇಡಿ, ಅದರ ಹಳೆಯ ಹುಲ್ಲು ಒಂದು ಹಿಡಿ ಒಳಗೆ ಹಾಕಿ, ಬರೀ ನೀರಲ್ಲಿ ಒರೆಸಿ, ಹೆದರಿಸಬೇಡಿ ಎಂದರು. ಆಟೋದಲ್ಲಿ ಬರುವಾಗ ಅಮ್ಮ ಹೊರಗೇ ನೋಡುತ್ತಿದ್ದಳು. ಡಾಕ್ಟರಮ್ಮ ನಕ್ಕದ್ದಕ್ಕೆ ಮುನಿಸು ಎಂದುಕೊಂಡೆ.

ಭಾನುವಾರ ಚಿಕ್ಕಪ್ಪ ಬೈಕಿನ ಹಿಂದೆ ಬಿದಿರು ಬುಟ್ಟಿ ಕಟ್ಟಿಕೊಂಡು ಬಂದ. ಮೊಲ ಮಂಟಪದ ಸಂದಿಯಲ್ಲಿ ಮುದುರಿ ಕೂತಿತ್ತು. ಅವನು ಬಗ್ಗಿ ಕೈ ಹಾಕಬೇಕು, ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದು ನಡುವೆ ನಿಂತಳು.

"ಮುಟ್ಬ್ಯಾಡ ಕಣಪ್ಪ."

ಯಾಕತ್ತಿಗೆ ಎಂದು ಅವನು ಕೇಳಿದ. ಅಮ್ಮ ಹೇಳತೊಡಗಿದಳು, ಹೇಳುತ್ತಿದ್ದದ್ದು ಅವನಿಗಾದರೂ ನೋಡುತ್ತಿದ್ದದ್ದು ನೆಲವನ್ನು. ಬಸರಾಳಿನ ಅವಳ ತವರಿನಲ್ಲಿ ಹೊರಕಡೆಗೆ ಹೋಗಲು ಹಿತ್ತಲ ಆಚೆ ತೆಂಗಿನ ಗರಿಯ ಮರೆಯೊಂದಿತ್ತಂತೆ. ಮದುವೆಯಾಗಿ ಕೊಪ್ಪಕ್ಕೆ ಬಂದರೆ, ಬೆಳಕು ಹರಿಯುವ ಮೊದಲೇ ಗುರುತಿಲ್ಲದ ಹೆಂಗಸರ ಜೊತೆ ನಾಲೆ ಏರಿಗೆ ಹೋಗಬೇಕು. ಎಲ್ಲರ ನಡುವೆ ಕೂತರೆ ಇವಳಿಗೆ ಆಗುತ್ತಲೇ ಇರಲಿಲ್ಲ. ಹೋದ ಹಾಗೇ ವಾಪಸು ಬರುತ್ತಿದ್ದಳು. ನೀರು ಕುಡಿಯುವುದು ಬಿಟ್ಟಳು, ಊಟ ಬಿಟ್ಟಳು, ಮಾತಾಡಿಸಿದವರ ಮೇಲೆಲ್ಲ ಎಗರಿಬಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ಕೂತದ್ದನ್ನು ನನ್ನ ಅಜ್ಜಿ ನೋಡಿಬಿಟ್ಟಳು. ಸೊಸೆಗೆ ಗಾಳಿ ಹಿಡಿದಿದೆ ಎಂದು ತಾಯಿತ ಕಟ್ಟಿಸಿದರು. ತವರಿಗೆ ಅಟ್ಟಿಬಿಡೋಣ ಎಂಬ ಮಾತೂ ಆಯಿತು.

"ಏನಾಯ್ತವ್ವ ಅಂತ ಒಬ್ರಾರಾ ಕೇಳುದ್ರಾ? ನಂಗೆ ಗಾಳೀನೂ ಇಡಿದಿರ್ನಿಲ್ಲ, ಏನೂ ಇಡಿದಿರ್ನಿಲ್ಲ. ನಂಗೆ ಜಾಗ ಇರ್ನಿಲ್ಲ, ಅಷ್ಟೆಯ."

ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. ತಾಯಿತ ಕಟ್ಟಿಸಲು ಅವಳನ್ನು ಕರೆದುಕೊಂಡು ಹೋಗಿದ್ದವರು ಅವರೇ.

"ನಂಗ್ಯಾಕೆ ಏಳ್ನಿಲ್ಲ ನೀನು?"

"ನೀವು ಕೇಳ್ನಿಲ್ಲ," ಅಂದಳು ಅಮ್ಮ.

ಅಪ್ಪ ಮಂಟಪದ ದೀಪ ಆರಿಸಿ, ದೇವರ ಫೋಟೋಗಳನ್ನು ಒಂದೊಂದಾಗಿ ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟರು. ಮೊಲವನ್ನು ತೂಗಿ ನೋಡುತ್ತಿದ್ದ ಆ ಮನುಷ್ಯ ದೇವರನ್ನು ಎದೆಗವಚಿಕೊಂಡು ತೆಪ್ಪಗೆ ಅಡುಗೆಮನೆಗೆ ಸಾಗಿಸಿದ. ನಾನೂ ಅಪ್ಪನೂ ಮಂಟಪ ಎತ್ತಿದೆವು. ಮಗಳ ಮದುವೆಗೆ ಏನಾದರೂ ತೊಂದರೆಯಾದರೆ ಎಂದು ಅಪ್ಪ ಮೆಲ್ಲಗೆ ಕೇಳಿದಾಗ ಅಮ್ಮ, ಇವಳಿಗೆ ಗಂಡು ನೋಡಲು ಹೋದ ಮನೆಯಲ್ಲಿ ನಾನು ಮೊದಲು ಕಕ್ಕಸು ನೋಡುತ್ತೇನೆ, ಆಮೇಲೆ ಮಿಕ್ಕ ಮಾತು ಅಂದಳು. ಹಾಗೇ ನೋಡಿದಳು ಕೂಡ. ನನ್ನ ಗಂಡನ ಮನೆಯವರು ಈಗಲೂ ಅದನ್ನು ಹೇಳಿ ನಗುತ್ತಾರೆ.

ಚಿಕ್ಕಪ್ಪ ಊಟ ಮಾಡಿ ಖಾಲಿ ಬುಟ್ಟಿಯೊಂದಿಗೆ ಹೊರಟುಹೋದ. ಅಮ್ಮ ಬರೀ ನೀರಲ್ಲಿ ಮೂಲೆ ಒರೆಸಿ, ಟ್ರೇ ಇಟ್ಟು, ಹಳೆಯ ಹುಲ್ಲು ಒಂದು ಹಿಡಿ ಹಾಕಿದಳು. ಮೊಲ ಬಂತು. ಟ್ರೇಯ ಸುತ್ತ ಮೂಸಿತು, ಒಳಗೆ ಕಾಲಿಟ್ಟಿತು, ನಮ್ಮನ್ನು ಕಂಡು ಹಾಗೇ ನಿಂತುಬಿಟ್ಟಿತು. ನಾನೂ ಅಪ್ಪನೂ ಅದನ್ನೇ ನೋಡುತ್ತಿದ್ದೆವು. ಅಮ್ಮ ನಮ್ಮಿಬ್ಬರ ಭುಜ ಹಿಡಿದು ಬೀದಿ ಬಾಗಿಲ ಕಡೆ ತಿರುಗಿಸಿ, ತಾನೂ ಮುಖ ತಿರುಗಿಸಿ ನಿಂತಳು.

"ನಿಧಾನಕ್ಕೋಗವ್ವ," ಅಂದಳು, ಮೊಲಕ್ಕೆ. "ಯಾರೂ ನೋಡಾಕಿಲ್ಲ."