ವೈ ಒತ್ತಿದ ಶುಕ್ರವಾರ

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಒಂದು ಇಡೀ ಮದುವೆಯನ್ನು ಕಳೆದುಬಿಟ್ಟೆ. ಹುಡುಗಿ, ಹುಡುಗ, ಬೀಗರು, ಬ್ಯಾಂಡಿನವರು, ಎಲ್ಲರನ್ನೂ. ಒಂದೇ ಒಂದು ಕೀಲಿ ಒತ್ತಿ.

ಹೊಸಪೇಟೆಯಲ್ಲಿ ಮದುವೆ ವಿಡಿಯೋ ಮಾಡುವ ಅಂಗಡಿಯೊಂದರಲ್ಲಿ ನನ್ನದು ಮಿಕ್ಸಿಂಗ್ ಕೆಲಸ. ಕ್ಯಾಮೆರಾದಿಂದ ಬಂದ ತುಣುಕುಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು. ದೋಣಿಮಲೈ ಗಣಿಯ ಕ್ವಾರ್ಟರ್ಸಿನಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಕಂಪ್ಯೂಟರ್ ಬಿಚ್ಚುವುದನ್ನು ನನಗೆ ಯಾರೂ ಕಲಿಸಲಿಲ್ಲ. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಫ್ಯಾನಿಗೆ ನಾಲ್ಕಾರು ತಿಂಗಳಿಗೊಮ್ಮೆ ಕೆಂಪು ದೂಳು ಮೆತ್ತಿಕೊಂಡು ಉಸಿರು ಕಟ್ಟುತ್ತಿತ್ತು. ಅದನ್ನು ಬಿಚ್ಚಿ ಒರೆಸಿ, ಫೋನಿನಲ್ಲಿ ವಿಡಿಯೋ ನೋಡಿ ಮತ್ತೆ ಜೋಡಿಸಿ, ಹಾಗೇ ಕಲಿತೆ. ಕಲಿತದ್ದಕ್ಕಿಂತ ಹೆಚ್ಚು ಗೊತ್ತಿದೆ ಎಂಬ ಧೈರ್ಯವೂ ಅದರ ಜೊತೆಗೇ ಬಂತು.

ಅಂಗಡಿಯ ಕಂಪ್ಯೂಟರ್ ಭಾಳ ನಿಧಾನ. ಪ್ರೊಸೆಸರ್ ಬದಲಿಸೋಣ ಎಂದು ಅಂಗಡಿಯ ಮಾಲೀಕರ ಬೆನ್ನು ಬಿದ್ದಿದ್ದೆ. ಅವರನ್ನು ನಾನು ಅಣ್ಣ ಎಂದೇ ಕರೆಯುವುದು. ಕೊನೆಗೂ ಗುರುವಾರ ಪಾರ್ಸೆಲ್ ಬಂತು. ಶುಕ್ರವಾರ ಅಣ್ಣ ಹಂಪಿಗೆ ಹೊರಟಿದ್ದರು, ಮದುವೆಯಾಗಲಿರುವ ಜೋಡಿಯೊಂದನ್ನು ಕಲ್ಲುಗಳ ನಡುವೆ ನಿಲ್ಲಿಸಿ ಫೋಟೋ ತೆಗೆಯಲು. ಬೈಕಿಗೆ ಬ್ಯಾಗು ಕಟ್ಟುತ್ತಾ ಹೇಳಿದರು:

“ತಂಗಿ, ಮರಿಯಮ್ಮನಹಳ್ಳಿ ಮದಿವಿ ಅದರಾಗ ಐತಿ. ಹುಷಾರು.”

“ಪ್ರೊಸೆಸರ್ ಬದ್ಲಿ ಮಾಡಿದ್ರ ಡಿಸ್ಕಿಗೆ ಏನೂ ಆಗಂಗಿಲ್ರಿ ಅಣ್ಣಾ. ಎಂಜಿನ್ ಬದ್ಲಿ ಮಾಡಿದ್ರ ಲಾರಿ ಒಳಗಿನ ಲೋಡು ಎಲ್ಲಿಗೆ ಹೋಕ್ಕೈತ್ರಿ?”

“ನಿನ್ನ ಬಾಯಿಗೆ ಹೊಸಾ ಎಂಜಿನ್ ಬ್ಯಾಡ ಬಿಡವ್ವ, ಇರೋದ ಜೋರೈತಿ,” ಎಂದು ನಕ್ಕು ಹೋದರು.

ಮರಿಯಮ್ಮನಹಳ್ಳಿಯ ಆ ಮದುವೆಯ ಕಥೆ ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮದುವೆಯ ಹಿಂದಿನ ದಿನ ಹಂದರ ಹಾಕಿಸುವಾಗ ಹುಡುಗಿಯ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮುಹೂರ್ತ ಬಿಡುವಂತಿರಲಿಲ್ಲ. ಮಗಳಿಗೆ ಅಕ್ಷತೆ ಬೀಳುವಾಗ ಅವರು ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ಈಗ ಮನೆಗೆ ಬಂದಿದ್ದಾರೆ, ಎದ್ದು ಕೂರುವಂತಿಲ್ಲ. ಭಾನುವಾರ ಮಗಳು ಅಳಿಯ ಬರುತ್ತಾರೆ, ಎಲ್ಲರೂ ಒಟ್ಟಿಗೆ ಟಿ.ವಿ.ಯಲ್ಲಿ ಮದುವೆ ನೋಡುವುದು ಎಂದು ನಿಶ್ಚಯವಾಗಿತ್ತು. ನೆಂಟರ ಫೋನಿನಲ್ಲಿದ್ದದ್ದನ್ನು ತೋರಿಸಿದರೆ “ಅದರಾಗ ಬರೇ ಅವರವರ ಹಲ್ಲು ಕಾಣಸ್ತಾವು” ಎಂದು ಪಕ್ಕಕ್ಕಿಟ್ಟಿದ್ದರಂತೆ. ಆ ಮದುವೆಯ ಒಂದೇ ಒಂದು ಪ್ರತಿ ನಮ್ಮ ಕಂಪ್ಯೂಟರಿನಲ್ಲಿತ್ತು. ಕ್ಯಾಮೆರಾ ಕಾರ್ಡುಗಳನ್ನು ಹಂಪಿಗೆ ಬೇಕೆಂದು ಗುರುವಾರ ಸಂಜೆ ನಾನೇ ಅಳಿಸಿ ಕೊಟ್ಟಿದ್ದೆ.

ಹಳೆಯ ಪ್ರೊಸೆಸರ್ ಸಲೀಸಾಗಿ ಬಂತು. ಹೊಸದನ್ನು ಕೂರಿಸಿ, ಪೇಸ್ಟ್ ಹಚ್ಚಿ, ಫ್ಯಾನ್ ಬಿಗಿದು ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು. ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಆರಿಸಿ ಹಾಕಿದೆ. ಮತ್ತೆ ಕಪ್ಪು. ರ‍್ಯಾಮ್ ಕಿತ್ತು, ಒರೆಸಿ, ಮತ್ತೆ ಟಕ್ಕೆನ್ನುವಂತೆ ಒತ್ತಿ ಕೂರಿಸಿದೆ. ಈ ಸಲ ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಆ ಖುಷಿಯಲ್ಲಿ ಮೈ ಹಗುರಾಯಿತು. ಇಂಗ್ಲಿಷಿನಲ್ಲಿ ಐದಾರು ಸಾಲು ಇದ್ದವು, ಕೊನೆಗೆ ವೈ ಅಥವಾ ಎನ್ ಒತ್ತು ಎಂದಿತ್ತು. ಮೊದಲ ಸಾಲಿನಲ್ಲಿ ‘ಹೊಸ ಪ್ರೊಸೆಸರ್’ ಎಂಬುದಷ್ಟೇ ಕಣ್ಣಿಗೆ ಬಿತ್ತು. ಹೌದಪ್ಪಾ, ಹೊಸದೇ ಎಂದುಕೊಂಡು ವೈ ಒತ್ತಿದೆ.

ನೀಲಿ ಪರದೆ ಬಂತು. ನಲವತ್ತೆಂಟು ಅಂಕಿಗಳನ್ನು ಹಾಕು, ಆಗ ಡಿಸ್ಕ್ ತೆರೆಯುತ್ತೇನೆ ಎಂದಿತು.

ಏನಾಗಿದೆ ಎಂಬುದು ಫೋನಿನಲ್ಲಿ ಹುಡುಕಿದ ಮೇಲೆ ತಿಳಿಯಿತು. ವರ್ಷದ ಹಿಂದೆ ನಾನು ವಿಂಡೋಸ್ ಹೊಸದಾಗಿ ಹಾಕಿದಾಗ ಅದು ನಮ್ಮನ್ನು ಕೇಳದೆಯೇ ಡಿಸ್ಕಿಗೆ ಬೀಗ ಹಾಕಿಕೊಂಡಿತ್ತು. ಬೀಗದ ಕೈಯನ್ನು ಕಂಪ್ಯೂಟರೇ ತನ್ನೊಳಗೆ ಒಂದು ಮೂಲೆಯಲ್ಲಿ ಇಟ್ಟುಕೊಂಡು ದಿನಾ ತಾನೇ ತೆಗೆಯುತ್ತಿತ್ತು. ಪ್ರೊಸೆಸರ್ ಬದಲಾಗಿದೆ, ಆ ಹಳೆಯ ಕೈಯನ್ನು ಅಳಿಸಲೇ ಎಂದು ಬಿಳಿ ಅಕ್ಷರಗಳಲ್ಲಿ ಕೇಳಿತ್ತು. ನಾನು ಹೌದು ಎಂದಿದ್ದೆ.

ಹಳೆಯ ಪ್ರೊಸೆಸರನ್ನೇ ವಾಪಸ್ ಹಾಕಿದೆ. ಸ್ಕ್ರೂ ಎರಡು ಸಲ ಜಾರಿ ಬೋರ್ಡಿನ ಮೇಲೆ ಬಿತ್ತು. ಅದೇ ನೀಲಿ ಪರದೆ. ಅಳಿಸಿದ್ದು ಅಳಿಸಿಹೋಗಿತ್ತು.

ಆಗಲೇ ಅಂಗಡಿಯ ಫೋನು ರಿಂಗಾಯಿತು. ಹುಡುಗಿಯ ಅಪ್ಪ.

“ಏನವ್ವ, ನನ್ನ ಮಗಳ ಮದಿವಿ ಎಲ್ಲಿಗೆ ಬಂತು?”

“ನಡದೈತ್ರಿ ಕಾಕಾ.”

“ಧಾರಿ ಎರಿಯೋದು ಬಂತೇನು? ನನ್ನ ಬದ್ಲಿ ನನ್ನ ತಮ್ಮ ನಿಂತಿದ್ದ. ಗಡಿಬಿಡಿ ಮನಷ್ಯಾ ಅಂವ. ನೀರು ಸರಿ ಬಿಟ್ಟಾನಿಲ್ಲೋ?”

“ಬಿಟ್ಟಾರ್ರಿ.”

“ನೀ ನೋಡಿಯಲ್ಲ? ಹುಡುಗಿ ಅತ್ಲೇನು?”

ನಾನು ಅರಿಶಿನದ ಶಾಸ್ತ್ರದವರೆಗೆ ಮಾತ್ರ ಕತ್ತರಿಸಿದ್ದೆ. ಧಾರೆಯ ತುಣುಕನ್ನು ತೆರೆದೂ ಇರಲಿಲ್ಲ.

“ಸ್ವಲ್ಪ ಅತ್ಲ್ರಿ ಕಾಕಾ,” ಎಂದೆ.

“ಹ್ಞೂಂ,” ಎಂದರು. “ಇರಲಿ, ಐತ್ವಾರ ನೋಡ್ತೀನಲ್ಲ,” ಎಂದು ಫೋನ್ ಇಟ್ಟರು.

ಆ ಸುಳ್ಳು ಹೇಳಿದ ಮೇಲೆ ಹೆದರಿಕೆ ಬೇರೆಯೇ ಆಯಿತು. ಅಲ್ಲಿಯವರೆಗೆ ಅಣ್ಣ ಬೈಯುತ್ತಾರೆ, ಕೆಲಸ ಹೋಗುತ್ತದೆ ಎಂದಷ್ಟೇ ಇತ್ತು. ಈಗ ಭಾನುವಾರ ಆ ಮಂಚದ ಮುಂದೆ ಯಾರು ನಿಂತು ಹೇಳಬೇಕು ಎಂಬುದೂ ಸೇರಿತು. ಊಟದ ಡಬ್ಬಿ ತೆರೆಯಲಿಲ್ಲ. ಶಟರ್ ಅರ್ಧ ಎಳೆದು ನೀಲಿ ಪರದೆಯ ಮುಂದೆ ಕುಳಿತಿದ್ದೆ.

ಅಣ್ಣ ಎರಡು ಗಂಟೆಗೆ ಬಂದರು, ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಪರದೆಯನ್ನೇ ನೋಡಿದರು.

“ಫೋಟೋ ಆದ್ರ ಇನ್ನೊಂದು ತೆಗಿಬೌದು. ಇನ್ನೊಂದು ಸಲ ಆ ಹುಡುಗಿಗೆ ತಾಳಿ ಕಟ್ಟಸಾಕ ಬರ್ತೈತೇನವ್ವ?”

ಫೋನಿನಲ್ಲಿ ಓದಿದಂತೆ ಒಂದು ದಾರಿ ಇರಬಹುದು ಎಂದೆ. ವಿಂಡೋಸ್ ಹಾಕುವಾಗ ಅದು ಒಂದು ಮೇಲ್ ವಿಳಾಸ ಕೇಳಿತ್ತು, ಅಣ್ಣನದೇ ಕೊಟ್ಟಿದ್ದೆವು. ಬೀಗದ ಕೈಯ ನಕಲು ಆ ಹೆಸರಿನ ಖಾತೆಯಲ್ಲಿರುತ್ತದೆ. ಖಾತೆ ತೆರೆಯುವ ಕೋಡ್ ಆ ಮೇಲ್‌ಗೇ ಬರುತ್ತದೆ, ಮೇಲ್ ತೆರೆದರೆ ಸಾಕು.

“ಆ ಮೇಲ್ ನಾ ಯಾವಾಗ ತೆಗದೀನಿ! ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಕಂಪ್ಲ್ಯಾಗ ಆನ್‌ಲೈನ್ ಸೆಂಟರ್‌ನವ ಮಾಡಿಕೊಟ್ಟಿದ್ದ. ಚೀಟಿ ಮ್ಯಾಲ ಬರದಿದ್ದ. ಆ ಚೀಟಿ ಎಲ್ಲೈತೋ.”

ಫೋನಿನಲ್ಲಿ ಪ್ರಯತ್ನಿಸಿದೆವು. ಪಾಸ್‌ವರ್ಡ್ ಗೊತ್ತಿಲ್ಲವಾದರೆ ಈ ನಂಬರಿಗೆ ಕೋಡ್ ಕಳಿಸುತ್ತೇವೆ ಎಂದು ಕೊನೆಯ ಎರಡು ಅಂಕಿ ತೋರಿಸಿತು. ಅಣ್ಣ ಕಣ್ಣು ಕಿರಿದು ಮಾಡಿ ನೋಡಿ, “ಇದು ನನ್ನ ನಂಬರ್ ಅಲ್ಲ, ಆ ಸೆಂಟರ್‌ನವಂದ ಇರಬೇಕು” ಎಂದರು.

ಬೈಕಿನಲ್ಲಿ ಕಂಪ್ಲಿಗೆ ಹೊರಟೆವು. ರಸ್ತೆಯ ಪಕ್ಕ ಕಾಲುವೆ, ಭತ್ತದ ಗದ್ದೆ, ಕಬ್ಬಿನ ಟ್ರ್ಯಾಕ್ಟರುಗಳು. ಆ ಸೆಂಟರ್ ಇನ್ನೂ ಇರುತ್ತದೆಯೇ? ಇದ್ದರೂ ಆ ನಂಬರ್ ಇರುತ್ತದೆಯೇ? ಅಣ್ಣನ ಜೇಬಿನಲ್ಲಿ ಫೋನು ರಿಂಗಾಗತೊಡಗಿತು. ಅವರು ಗಾಡಿ ನಿಲ್ಲಿಸಲಿಲ್ಲ. ಯಾರೆಂದು ನಾನೂ ಕೇಳಲಿಲ್ಲ.

ಸೆಂಟರ್ ಇತ್ತು, ಶಟರ್ ಇಳಿದಿತ್ತು. ಪಕ್ಕದ ಬಳೆ ಅಂಗಡಿಯಾಕೆ ಹೇಳಿದಳು: “ಪಿಂಚಣಿ ಅಜ್ಜಿ ಒಬ್ಬಾಕಿ ಎದ್ದು ಬರಂಗಿಲ್ಲಂತ, ಹೆಬ್ಬಟ್ಟು ಒತ್ತಿಸ್ಕಣಾಕ ಮಷಿನ್ ತಗಂಡು ಹೋಗ್ಯಾನ. ಕುಂದ್ರಿ, ಬರ್ತಾನ.” ಮುಕ್ಕಾಲು ಗಂಟೆ ಕುಳಿತೆವು. ಅಷ್ಟರಲ್ಲಿ ಫೋನು ಇನ್ನೊಮ್ಮೆ ರಿಂಗಾಗಿ ನಿಂತಿತು.

ಸೆಂಟರಿನವರು ಬಂದು, ಕಥೆ ಕೇಳಿ, ನಕ್ಕರು.

“ಪಾಸ್‌ವರ್ಡಿಗೆ ಯಾಕ ತಲಿ ಕೆಡಿಸ್ಕಂಡೀರಿ? ನಿಮ್ಮ ಮನಿದೇವರು ಯಾರ್ರೀ?”

“ಹುಲಿಗೆಮ್ಮ,” ಎಂದರು ಅಣ್ಣ.

“ಹುಲಿಗೆಮ್ಮ, ಒಂದು ಎರಡು ಮೂರು. ಮಂದಿ ತಮ್ಮ ಹುಟ್ಟಿದ ದಿನ ಮರೀತಾರ, ಮನಿದೇವರನ್ನ ಮರಿಯಂಗಿಲ್ಲ. ಎಲ್ಲಾರಿಗೂ ಹಂಗ ಇಟ್ಟೀನಿ.”

ಬೇರೆ ದಿನವಾಗಿದ್ದರೆ ನಾನು ಅವರ ಜೊತೆ ವಾದಕ್ಕೆ ಇಳಿಯುತ್ತಿದ್ದೆ. ಅಂದು ಕೈ ಮುಗಿಯುವುದೊಂದು ಬಾಕಿ. ಪಾಸ್‌ವರ್ಡ್ ಸರಿಯಿತ್ತು. ಆದರೆ ಹೊಸ ಜಾಗದಿಂದ ತೆರೆಯುತ್ತಿದ್ದೀರಿ, ಕೋಡ್ ಹಾಕಿ ಎಂದು ಮತ್ತೆ ಅದೇ ಎರಡು ಅಂಕಿಯಲ್ಲಿ ಮುಗಿಯುವ ನಂಬರನ್ನೇ ತೋರಿಸಿತು.

“ಅದು ನನ್ನದ. ಮೇಲ್ ಮಾಡುವಾಗ ಎಲ್ಲಾರಿಗೂ ಆ ನಂಬರ್ ಕೊಡ್ತಿದ್ದೆ,” ಎಂದು ಅವರು ಡ್ರಾಯರ್ ಎಳೆದು ಬಟನ್ ಫೋನೊಂದನ್ನು ತೆಗೆದರು. ಸತ್ತಿತ್ತು. “ಚಾರ್ಜ್ ಇಲ್ಲ. ಸಿಮ್ ಐತ್ರಿ. ರೀಚಾರ್ಜ್ ತಪ್ಪಸಂಗಿಲ್ಲ ನಾ. ಈ ಸಿಮ್ ಹೋತಂದ್ರ ಅರ್ಧ ಕಂಪ್ಲಿ ಹೊರಗ ನಿಂದ್ರತೈತಿ.”

ಚಾರ್ಜಿಗೆ ಹಾಕಿದರು. ಹತ್ತು ನಿಮಿಷಕ್ಕೆ ಅದರ ಪರದೆಯಲ್ಲಿ ಬೆಳಕು ಬಂತು. ಕೋಡ್ ಬರಲಿಲ್ಲ. ಅವರು ಫೋನನ್ನು ಹಿಡಿದು ಹೊರಗೆ ರಸ್ತೆಯ ಮಧ್ಯಕ್ಕೇ ಹೋಗಿ ನಿಂತರು. ಲಾರಿಯೊಂದು ಹಾರ್ನ್ ಹೊಡೆಯಿತು. “ತಡಿಯಪ್ಪಾ, ಕೋಡ್ ಬರಬೇಕು!” ಎಂದು ಕೂಗಿದರು. ನನಗೆ ನಗು ಬರಲಿಲ್ಲ. ಪೆನ್ನು ಕಾಗದ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

“ಬಂತು! ಬರ್ಕೊ ತಂಗಿ!”

ಮೇಲ್ ತೆರೆಯಿತು, ಅದರಿಂದ ಖಾತೆ ತೆರೆಯಿತು, ಅಲ್ಲಿ ಎಂಟು ಗುಂಪುಗಳಲ್ಲಿ ನಲವತ್ತೆಂಟು ಅಂಕಿ. ಅಣ್ಣ ಫೋಟೋ ತೆಗೆದುಕೊಂಡರು. ಅವರ ಫೋನು ದಾರಿಯಲ್ಲಿ ಬಿದ್ದರೆ ಎಂದು ನಾನು ಕಾಗದದ ಮೇಲೂ ಬರೆದುಕೊಂಡೆ. ಕಾಗದ ಹಾರಿದರೆ ಎಂದು ಬಳೆ ಅಂಗಡಿಯ ಮುಂದೆ ನಿಂತು ಇನ್ನೊಂದು ಬರೆದೆ.

ಹೊಸಪೇಟೆಗೆ ಬಂದು ಅಂಕಿ ಒತ್ತುವಾಗ ಅಣ್ಣ ಓದಿದರು, ನಾನು ಪ್ರತಿ ಅಂಕಿಗೂ ಬೆರಳು ಮೇಲೆತ್ತಿ ನೋಡಿದೆ. ಕೊನೆಯದಕ್ಕೆ ಬಂದಾಗ ನಾನು ಎದ್ದುಬಿಟ್ಟೆ. “ನೀವ ಒತ್ರಿ ಅಣ್ಣಾ.” ಅವರು ನನ್ನನ್ನೊಮ್ಮೆ ನೋಡಿ ಒತ್ತಿದರು.

ತೆರೆಯಿತು. ಮದುವೆಯ ಫೋಲ್ಡರ್ ಅಲ್ಲೇ ಇತ್ತು. ಬೇರೆ ಏನನ್ನೂ ಮಾಡದೆ ಅದನ್ನು ಎರಡು ಕಡೆ ನಕಲು ಮಾಡಲು ಹಾಕಿ, ಮೊದಲು ಧಾರೆಯ ತುಣುಕು ತೆಗೆದು ನೋಡಿದೆ. ಹುಡುಗಿಯ ಚಿಕ್ಕಪ್ಪ ನೀರನ್ನು ನಿಧಾನವಾಗಿ, ಸರಿಯಾಗಿಯೇ ಬಿಟ್ಟಿದ್ದ. ಹುಡುಗಿ ಅತ್ತಿರಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದಳು.

ಭಾನುವಾರ ಪೆನ್‌ಡ್ರೈವ್ ಕೊಡಲು ನಾನೇ ಮರಿಯಮ್ಮನಹಳ್ಳಿಗೆ ಹೋದೆ. ಕಾಕಾ ಮಂಚದ ಮೇಲೆ ಎರಡು ದಿಂಬಿಗೆ ಒರಗಿದ್ದರು, ಮಗಳು ಅಳಿಯ ಕೆಳಗೆ ಚಾಪೆಯ ಮೇಲೆ ಕುಳಿತಿದ್ದರು. ಟಿ.ವಿ. ಪೆನ್‌ಡ್ರೈವನ್ನು ಗುರುತು ಹಿಡಿಯುವವರೆಗೆ ನಾನು ರಿಮೋಟ್ ಕೈಬಿಡಲಿಲ್ಲ. ಧಾರೆ ಬಂತು. ಕಾಕಾ ಪರದೆಯಿಂದ ಕಣ್ಣು ತೆಗೆಯದೆ, “ಅತ್ಲು ಅಂದಿದ್ಯಲ್ಲವ್ವ ನೀನು?” ಎಂದರು.

“ನಾ ಆವಾಗ ನೋಡಿರಲಿಲ್ರಿ ಕಾಕಾ. ಸುಳ್ಳು ಹೇಳಿದೆ,” ಎಂದೆ. ಯಾಕೆಂದೂ ಹೇಳಿದೆ, ವೈ ಒತ್ತಿದ್ದು, ಕಂಪ್ಲಿಗೆ ಹೋದದ್ದು, ಎಲ್ಲ. ಅವರ ಹೆಂಡತಿ “ಅಯ್ಯ ಶಿವನ” ಎಂದು ಗಲ್ಲಕ್ಕೆ ಕೈ ಹಚ್ಚಿದರು. ಕಾಕಾ ನನ್ನ ಕಡೆ ತಿರುಗಿದರು.

“ಸಿಕ್ತಲ್ಲ?”

“ಸಿಕ್ತ್ರಿ.”

“ಮತ್ತ ಊಟದ ಪಂಕ್ತಿ ಎಲ್ಲಿ? ಮಂದಿ ಉಂಡ್ರೋ ಇಲ್ಲೋ ನಾ ನೋಡ್ಬೇಕು.”

ಪಂಕ್ತಿಯ ತುಣುಕುಗಳನ್ನು ನಾವು ಯಾರ ಮದುವೆಯಲ್ಲೂ ನಾಲ್ಕು ಕ್ಷಣಕ್ಕಿಂತ ಹೆಚ್ಚು ಇಡುವುದಿಲ್ಲ. ಉಳಿದದ್ದನ್ನು ಅಳಿಸುತ್ತೇವೆ. ಶುಕ್ರವಾರದ ನಂತರ ನನಗೆ ಏನನ್ನೂ ಅಳಿಸಲು ಕೈ ಬಂದಿರಲಿಲ್ಲ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಎಲ್ಲ ಹಾಗೇ ಇತ್ತು. ಹಾಕಿದೆ. ಎಲೆ ಹಾಕುವುದರಿಂದ ಹಿಡಿದು ಎಲ್ಲ ಪಂಕ್ತಿ. ಕಾಕಾ ಮಂಚದಿಂದಲೇ ಯಜಮಾನಿಕೆ ಶುರು ಮಾಡಿದರು.

“ಏ, ಕಂಬದ ಹತ್ರ ಕುಂತಾನಲ್ಲ ಅಜ್ಜ, ಅಂವಗ ಎರಡನೇ ಸಲ ಹುಗ್ಗಿ ಬಂದಿಲ್ಲ ನೋಡು!”

“ಬಂದೈತೋ ಅಣ್ಣಾ, ನಾನ ನೀಡೀನಿ,” ಎಂದ ಬಾಗಿಲಲ್ಲಿ ನಿಂತಿದ್ದ ತಮ್ಮ.

“ಹಿಂದಕ್ಕ ಹಾಕವ್ವ. ಇಂವನ ಮಾತು ಬ್ಯಾಡ, ನಾ ನೋಡ್ಬೇಕು.”

ನಾನು ಹಿಂದಕ್ಕೆ ಹಾಕಿದೆ.